ಅವನಿಗೆ ಹೇಳಿದ ರೇಟು

ಅವನು ಮೊದಲ ಸಲ ಬಂದಿದ್ದೇ ಜಗಳಕ್ಕೆ.

ಕಿವಿಯ ಅಚ್ಚು ತೆಗೆದು, ಆ ಕಿವಿಗೆ ಮಾತ್ರ ಕೂರುವಂಥ ಇಯರ್‌ಫೋನ್ ಮಾಡಿಕೊಡುವುದು ನನ್ನ ಕಸುಬು. ಅಂಗಡಿ ನನ್ನದೂ ಅಕ್ಕನದೂ. ಗಿರಾಕಿ, ಲೆಕ್ಕ ಅವಳ ಪಾಲಿಗೆ. ಬೆಸುಗೆ, ಪಾಲಿಶ್ ನನ್ನ ಪಾಲಿಗೆ. ನಮ್ಮ ದೊಡ್ಡ ಸೆಟ್‌ಗೆ ಒಂದು ಲಕ್ಷ ನಲವತ್ತು ಸಾವಿರ. ಹಾಡು ಕೇಳುವ ಹುಚ್ಚು ಹತ್ತಿದವರು ಕೊಡುತ್ತಾರೆ, ಕೊಟ್ಟು ಬೈಯುತ್ತಾರೆ. ಇವನು ಕೊಡುವ ಮೊದಲೇ ಬೈಯಲು ಬಂದಿದ್ದ.

"ಈ ದುಡ್ಡಿಗೆ ಒಳ್ಳೇ ಸ್ಕೂಟರ್ ಬರತ್ತೆ ರೀ."

"ತಗೊಳ್ಳಿ. ಕಿವಿಗೆ ಸಿಕ್ಕಿಸ್ಕೊಂಡು ಓಡಾಡಿ."

ಅವನು ನಕ್ಕುಬಿಟ್ಟ. ನಗುವಾಗ ಎಡಗಿವಿ ಚೂರೇ ಚೂರು ಮೇಲೇರಿತು. ಬೇರೆ ಹೆಂಗಸರು ಕಣ್ಣು ನೋಡಿ ಸೋಲುತ್ತಾರಂತೆ. ನಾನು ಕಿವಿ ನೋಡಿ ಸೋತೆ.

ನಕ್ಕವನು ಅಚ್ಚು ಕೊಡಲು ಕೂತೇಬಿಟ್ಟ. ಕಿವಿಯೊಳಗೆ ತುಂಬಿದ ಅಚ್ಚು ಗಟ್ಟಿಯಾಗುವವರೆಗೆ ಸ್ಪಂಜಿನ ತುಂಡು ಕಚ್ಚಿಕೊಂಡು ಐದು ನಿಮಿಷ ಅಲ್ಲಾಡದೆ ಕೂರಬೇಕು. ಮಾತಾಡುವ ಹಾಗಿಲ್ಲ, ಏನೂ ಕೇಳಿಸುವುದೂ ಇಲ್ಲ. ಅಷ್ಟು ಹೊತ್ತೂ ಅವನು ನನ್ನನ್ನೇ ನೋಡುತ್ತಿದ್ದ. ಎದುರಿಗೆ ನಾನು ಬಿಟ್ಟರೆ ಬರೀ ಗೋಡೆ ಇತ್ತು ಎನ್ನುವುದು ನನಗೆ ಹೊಳೆದದ್ದು ಬಹಳ ತಡವಾಗಿ.

ಶಾಲಾ ಮೇಷ್ಟ್ರು. ಸಂಬಳ ಎಷ್ಟಿರಬಹುದೆಂದು ಚಪ್ಪಲಿಯೇ ಹೇಳುತ್ತಿತ್ತು. ಆಮೇಲೆ ಶನಿವಾರ ಶನಿವಾರ ಬರತೊಡಗಿದ. ನಾನು ಕಟ್ಟುತ್ತಿರುವ, ಇನ್ನೂ ಅಚ್ಚಿಗೆ ಕೂರಿಸದ ಸೆಟ್ಟುಗಳನ್ನು ಕೇಳಿ, "ಇದ್ರಲ್ಲಿ ತಬಲ ಪಕ್ಕದ ಮನೇಲಿ ಬಾರಿಸ್ತಿರೋ ಹಾಗಿದೆ" ಎಂದು ತಕರಾರು ತೆಗೆಯುತ್ತಿದ್ದ. ಹಾಳಾದವನು, ಹೇಳಿದ್ದೆಲ್ಲ ಸರಿಯಾಗಿರುತ್ತಿತ್ತು. ಶುಕ್ರವಾರವೇ ನಾನು ತಲೆಗೆ ಸ್ನಾನ ಮಾಡತೊಡಗಿದೆ. ಅಕ್ಕ ನೋಡಿ, ಲೆಕ್ಕದ ಪುಸ್ತಕದತ್ತ ತಿರುಗುತ್ತಿದ್ದಳು.

ಕೊನೆಗೆ ಅವನ ಸೆಟ್ ಕಟ್ಟಿದೆ. ನಲವತ್ತು ಗಂಟೆಯ ಕೆಲಸ.

"ಎಷ್ಟಾಯ್ತು?" ಎಂದ, ಮುಖ ಸಣ್ಣ ಮಾಡಿಕೊಂಡು.

"ಮೂವತ್ತು ಸಾವಿರ."

"ಮೂವತ್ತಾ?"

"ರೇಟ್ ಇಳ್ಸಿದೀವಿ ಈಗ." ಮೂವತ್ತು ಒಳಗಿನ ಬಿಡಿಭಾಗಗಳ ಅಸಲು ಮಾತ್ರ. ಪ್ರೀತಿ ಎಂದು ಹೇಳಲು ಬಾಯಿ ಬರಲಿಲ್ಲ, ಸುಳ್ಳು ಸಲೀಸಾಗಿ ಬಂತು.

ಆಡಿಯೋ ಹುಚ್ಚರಿಗೆ ಅವರದೇ ಒಂದು ಆನ್‌ಲೈನ್ ಗುಂಪಿದೆ. ಅಲ್ಲಿ ಏನನ್ನು ಹೊಗಳಿದರೂ, ಎಷ್ಟು ಕೊಟ್ಟೆ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಬೇಕು. ಅದನ್ನು ನಾನು ಮರೆತಿದ್ದೆ. ಅವನು ಮರೆಯುವ ಪೈಕಿ ಅಲ್ಲ. 'ಕೊಟ್ಟದ್ದು ಮೂವತ್ತು ಸಾವಿರ' ಎಂದು ಶುರುಮಾಡಿ, ನನ್ನ ಕೈಕೆಲಸವನ್ನು ಹಾಡಿ ಹೊಗಳಿ, 'ಲಕ್ಷಗಟ್ಟಲೆ ಕೇಳುವವರು ಇವರನ್ನು ನೋಡಿ ಕಲಿಯಲಿ' ಎಂದು ಮುಗಿಸಿದ್ದ. ಮಾರನೇ ದಿನ ಒಂಬತ್ತು ಜನ ಹಳೇ ಗಿರಾಕಿಗಳು ಫೋನ್ ಮಾಡಿ, ನಮ್ಮನ್ನೇಕೆ ಸುಲಿದಿರಿ ಎಂದು ಕೇಳಿದರು.

ಅಕ್ಕ ಫೋನ್ ಇಟ್ಟು ನನ್ನ ಮುಂದೆ ಕೂತಳು. "ಪ್ರೀತಿ ಮಾಡು, ಬೇಡ ಅನ್ನಲ್ಲ ಕಣೇ. ಆದ್ರೆ ಅಂಗಡಿ ಮರ್ಯಾದೆ ಅಡ ಇಟ್ಟು ಮಾಡ್ತೀಯಾ? ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ."

ಅವನು ಬರೆದದ್ದು ಸುಳ್ಳು ಎಂದರೆ ಅವನ ಹೆಸರು ಕೆಡುತ್ತದೆ. ನಿಜ ಎಂದರೆ ಅಂಗಡಿ ಮುಚ್ಚುತ್ತದೆ. ಅವನು ಬರೆದದ್ದರ ಕೆಳಗೇ ನಾನು ಬರೆದೆ: 'ಬೆಲೆ ಇಳಿದಿಲ್ಲ. ಅವರಿಗೆ ಕೂಲಿ ಹಾಕಲಿಲ್ಲ. ನನಗೆ ಅವರ ಮೇಲೆ ಮನಸ್ಸಿದೆ. ಈ ವಿಷಯ ಅವರಿಗೆ ಗೊತ್ತಿರಲಿಲ್ಲ.'

ಗಿರಾಕಿಗಳ ಸಿಟ್ಟು ಇಳಿಯಿತು. ಮುನ್ನೂರು ಜನ ಕೆಂಪು ಹೃದಯ ಒತ್ತಿದರು. ಅವನು ಒತ್ತಲಿಲ್ಲ.

ಶನಿವಾರ ಬಂದ. ಡಬ್ಬಿಯನ್ನು ಮೇಜಿನ ಮೇಲಿಟ್ಟ.

"ವಾಪಸ್ ತಗೊಳ್ಳಿ."

"ತಗೊಂಡು ಏನ್ ಮಾಡ್ಲಿ? ಬೇರೆ ಯಾರ ಕಿವಿಗೂ ಕೂರಲ್ಲ ಅದು."

ಅವನು ಡಬ್ಬಿಯ ಮುಚ್ಚಳ ನೇವರಿಸಿದ. "ನೀವು ಬರ್ದಿದ್ದು ಓದ್ದೆ. ನಂಗೆ ಹಾಗೆ ಯಾವತ್ತೂ ಅನ್ಸಿರ್ಲಿಲ್ಲ. ಈಗಾದ್ರೂ ಅನ್ಸತ್ತಾ ಅಂತ ನಾಲ್ಕು ದಿನ ಕಾದೆ." ತಲೆ ಎತ್ತಿದ. ಕಣ್ಣು ಒದ್ದೆಯಾಗಿತ್ತು. "ಅನ್ಸಿದ್ರೆ ಎಷ್ಟು ಚೆನ್ನಾಗಿರ್ತಿತ್ತು."

ಅವನು ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.

"ಪೂರ್ತಿ ರೇಟ್ ಕೊಡ್ತೀನಿ. ಒಂದೇ ಸಲಕ್ಕಾಗಲ್ಲ. ತಿಂಗಳಿಗೆ ಐದು ಸಾವಿರ."

"ಬೇಡ."

"ಕೊಡ್ದೆ ಇದ್ರೆ ನಾನು ಇದನ್ನ ಹಾಕ್ಕೊಳ್ಳಲ್ಲ ರೀ."

ನಾಚಿಕೆ ಬಿಟ್ಟು ಕೇಳಿದೆ. "ಹಾಗಾದ್ರೆ ತಿಂಗಳಿಗೊಂದ್ ಸಲ ಬರ್ತೀರಾ?"

ಅವನು ಕಣ್ಣು ತಪ್ಪಿಸಿದ. "ಬ್ಯಾಂಕಿಂದ ತಾನಾಗೇ ಹೋಗೋ ಹಾಗೆ ಬರ್ಕೊಟ್ಟಿದೀನಿ."

ಡಬ್ಬಿ ತೆಗೆದುಕೊಂಡು ಹೋದ. ಅಕ್ಕ ಒಳಗಿನಿಂದ ಬಂದು ನನ್ನ ತಲೆ ಸವರಿದಳು.

ಒಟ್ಟು ಇಪ್ಪತ್ತೆರಡು ಕಂತು. ಇಲ್ಲಿಯವರೆಗೆ ಹನ್ನೊಂದು ಬಂದಿವೆ, ಪ್ರತಿ ತಿಂಗಳು ಒಂದನೇ ತಾರೀಖು, ಬೆಳಿಗ್ಗೆ ಒಂಬತ್ತರೊಳಗೆ. ಒಂದು ತಿಂಗಳಾದರೂ ತಪ್ಪಲಿ, ಯಾಕೆ ಬರಲಿಲ್ಲ ಎಂದು ಫೋನ್ ಮಾಡಿ ಕೇಳಬಹುದು ಎಂದು ಕಾಯುತ್ತೇನೆ. ತಪ್ಪುವುದೇ ಇಲ್ಲ.