ಜಕ್ಕಲೆ ರಾಣಿ ಮತ್ತು ಹಬೆಗಿರಿಯ ಬಿಸಿನೀರ ಕೊಳ

ಒಂದಾನೊಂದು ಕಾಲದಲ್ಲಿ (ಯಾವ ಕಾಲ ಎಂದು ಮಾತ್ರ ಕೇಳಬೇಡಿ, ಹಕ್ಕಿಗಳು ಮನುಷ್ಯರಿಗಿಂತ ಚೆನ್ನಾಗಿ ಮಾತಾಡುತ್ತಿದ್ದ ಕಾಲ ಎಂದಿಟ್ಟುಕೊಳ್ಳಿ) ಹಬೆಗಿರಿ ಎಂಬ ರಾಜ್ಯವಿತ್ತು. ಬೆಟ್ಟದ ತುದಿಯಲ್ಲಿ ಅರಮನೆ, ಬೆಟ್ಟದ ಬುಡದಲ್ಲಿ ಸದಾ ಹಬೆಯಾಡುವ ಬಿಸಿನೀರ ಕೊಳ. ಅರಮನೆಯಲ್ಲಿ ದೊರೆ ಬೊಪ್ಪದೇವ, ಅವನ ರಾಣಿ ಜಕ್ಕಲೆ. ಒಬ್ಬರನ್ನು ಕಂಡರೆ ಒಬ್ಬರಿಗೆ ಪ್ರಾಣ. ರಾಜ್ಯದಲ್ಲಿ ಬೆಳೆ ಬಂತು, ಹಸುಗಳು ಕರು ಹಾಕಿದವು, ಅರಮನೆಯ ಬೆಕ್ಕಂತೂ ವರ್ಷಕ್ಕೆರಡು ಸಲ ಮರಿ ಹಾಕಿತು. ರಾಣಿಯ ಮಡಿಲು ಮಾತ್ರ ತುಂಬಲಿಲ್ಲ.

ಅದೊಂದು ದುಃಖ, ಸರಿ. ಆದರೆ ಅದಕ್ಕಿಂತ ದೊಡ್ಡ ಕಾಟ ಊರಿನ ಬಾಯಿಯದು. ಹೂವಾಡಗಿತ್ತಿ ಬಂದರೆ, “ವಿಶೇಷ ಏನಾದರೂ ಉಂಟೇನಮ್ಮ?” ಸೇನಾಪತಿಯ ಹೆಂಡತಿ ಬಂದರೆ, “ವಿಶೇಷ?” ಇಲ್ಲ ಎಂದರೆ ಮುಗಿಯಿತು, ಸಲಹೆಗಳ ಮಳೆ! ಎಡಮಗ್ಗುಲಿಗೆ ಮಲಗಿ ಎಂದು ಒಬ್ಬರು, ಬಲಮಗ್ಗುಲಿಗೆ ಎಂದು ಇನ್ನೊಬ್ಬರು. ಬೇವಿನ ಚಿಗುರು ತಿನ್ನಿ, ಹುಣಸೆ ಬಿಡಿ, ಅರಳಿಮರ ಸುತ್ತಿ. ಜಕ್ಕಲೆ ಸುತ್ತಿದ ಸುತ್ತಿಗೆ ಆ ಅರಳಿಮರಕ್ಕೇ ತಲೆ ತಿರುಗಿರಬೇಕು.

“ಮನಸ್ಸು ಹಗುರ ಮಾಡಿಕೋ ಮಗಳೇ, ತಾನಾಗೇ ಆಗುತ್ತೆ” ಎನ್ನುತ್ತಿದ್ದಳು ಅತ್ತೆ ಮಾಚಲದೇವಿ.

“ಅತ್ತೇ, ಹೊತ್ತುಹೊತ್ತಿಗೂ ಬಂದು ನೀವು ಹೀಗೆ ನೆನಪಿಸಿದರೆ ಮನಸ್ಸು ಹಗುರವಾಗೋದು ಯಾವಾಗ?”

ಈ ಮಾತುಗಳಿಂದ ಹಿಗ್ಗುತ್ತಿದ್ದವನು ಒಬ್ಬನೇ: ರಾಜಗುರು ವಕ್ರನಾಥ. ಅವನೊಬ್ಬ ಮಾಯಾವಿ. ಜಕ್ಕಲೆಯ ಮೇಲೆ ಒಂದೊಂದು ದೂರು ಬಿದ್ದಾಗಲೂ ಅವನ ಗಡ್ಡ ಒಂದು ಗೇಣು ಬೆಳೆಯುತ್ತಿತ್ತು, ಗಡ್ಡದ ಜೊತೆಗೆ ಮಾಯೆಯ ಬಲವೂ. ವಾರಸುದಾರರಿಲ್ಲದ ಸಿಂಹಾಸನ ರಾಜಗುರುವಿಗೆ ಸೇರಬೇಕು ಎಂಬುದು ಆ ರಾಜ್ಯದ ಕಟ್ಟಳೆ.

ಒಂದು ದಿನ ಅವನು ಸಭೆಯಲ್ಲಿ ಸಾರಿದ: “ದೋಷ ರಾಣಿಯದು. ನಾನು ಹೇಳುವ ಮೂರು ವಸ್ತುಗಳನ್ನು ಅವಳು ತರಲಿ. ಆಗಲೂ ಮಗುವಾಗದಿದ್ದರೆ ಅವಳು ತವರಿಗೆ, ಸಿಂಹಾಸನ ನನಗೆ.”

“ದೊರೆಗಳು ಏನೂ ಮಾಡಬೇಕಿಲ್ಲವೇ?” ಜಕ್ಕಲೆ ಕೇಳಿದಳು.

“ಅವರಿಗೇನಾಗಿದೆ? ನನ್ನ ಮಾತಿನಂತೆ ಬೆಳಗ್ಗೆ ಸಂಜೆ ಬಿಸಿನೀರ ಕೊಳದಲ್ಲಿ ಕೂತು ಗಂಡಸುತನ ಗಟ್ಟಿ ಮಾಡಿಕೊಳ್ಳುತ್ತಿದ್ದಾರೆ!”

ಮೊದಲು ಕೆಂಡಕೊಕ್ಕರೆಯ ಗರಿ. ಜಕ್ಕಲೆ ಕಾಡು ದಾಟಿ ಹೋದಳು. ಉರಿಯುವ ರೆಕ್ಕೆ ಬಿಚ್ಚಿ ಕೊಕ್ಕರೆ ಕೇಳಿತು: “ಮಗು ಬೇಕಾದದ್ದು ಇಬ್ಬರಿಗೆ, ಬಂದದ್ದು ಒಬ್ಬಳು. ಗಂಡನೆಲ್ಲಿ?”

“ಬಿಸಿನೀರ ಕೊಳದಲ್ಲಿ.”

ಕೊಕ್ಕರೆ ತಲೆ ಕೊಡವಿ ಗರಿ ಉದುರಿಸಿತು. ಕೈ ಸುಟ್ಟುಕೊಂಡು ಅದನ್ನು ತಂದರೆ ವಕ್ರನಾಥ, “ದಾರಿಯಲ್ಲಿ ಸೀನಿದ್ದೀಯೆ. ಫಲವಿಲ್ಲ” ಎಂದ.

ಆಮೇಲೆ ಕಲ್ಲಾನೆಯ ಕಣ್ಣೀರು. ಕಲ್ಲಾನೆ ಅಳುವುದುಂಟೇ? ಜಕ್ಕಲೆ ಅದರೆದುರು ಕೂತು ತನಗೆ ಬಂದ ಸಲಹೆಗಳನ್ನೆಲ್ಲ ಒಂದೂ ಬಿಡದೆ ಹೇಳಿದಳು. ಆನೆ ನಕ್ಕು ನಕ್ಕು ಕಣ್ಣಲ್ಲಿ ನೀರು ಸುರಿಸಿತು. ನಗು ನಿಂತ ಮೇಲೆ ಕೇಳಿತು: “ಮಗು ಬೇಕಾದದ್ದು ಇಬ್ಬರಿಗೆ, ಬಂದದ್ದು ಒಬ್ಬಳು. ಗಂಡನೆಲ್ಲಿ?”

“ಬಿಸಿನೀರ ಕೊಳದಲ್ಲಿ.”

ಕಣ್ಣೀರು ತಂದರೆ ವಕ್ರನಾಥ, “ಎಡಗಾಲಿಟ್ಟು ಹೊರಟಿದ್ದೀಯೆ. ಫಲವಿಲ್ಲ” ಎಂದ. ಜಕ್ಕಲೆಗೆ ಆ ಗಡ್ಡ ಹಿಡಿದು ಜಗ್ಗಿಬಿಡಬೇಕು ಎನಿಸಿತು.

ಕೊನೆಗೆ ಪಾತಾಳದ ಕೆರೆಯ ಮುದಿ ಆಮೆಯ ಬೆನ್ನ ಮೇಲಿನ ಪಾಚಿ. ಉಸಿರು ಕಟ್ಟಿ ಮುಳುಗಿ ತಳ ಮುಟ್ಟಿದವಳನ್ನು ಆಮೆ ಬೆನ್ನ ಮೇಲೆ ಹೊತ್ತು ದಡಕ್ಕೆ ತಂದಿತು.

“ಮಗು ಬೇಕಾದದ್ದು ಇಬ್ಬರಿಗೆ, ಬಂದದ್ದು ಒಬ್ಬಳು. ಗಂಡನೆಲ್ಲಿ?”

“ಬಿಸಿನೀರ ಕೊಳದಲ್ಲಿ! ನೀವೆಲ್ಲ ಸೇರಿ ಇದೊಂದನ್ನೇ ಯಾಕೆ ಕೇಳ್ತೀರಿ?”

“ಬೇಯಿಸಿದ ಅವರೆಕಾಳು ಬಿತ್ತಿದರೆ ಮೊಳೆಯುತ್ತದೇನೇ, ಹುಡುಗಿ?”

“ಇಲ್ಲ.”

“ಮತ್ತೆ ನಿನ್ನ ಗಂಡ ಬೆಳಗ್ಗೆ ಸಂಜೆ ಬೀಜ ಬೇಯಿಸುತ್ತಾ ಕೂತಿದ್ದಾನಲ್ಲ! ಗಂಡಿನ ಬೀಜಕ್ಕೆ ತಂಪು ಬೇಕು ಕಣೇ.”

ಜಕ್ಕಲೆ ಹಾಗೇ ದಡದಲ್ಲಿ ಕುಕ್ಕರಿಸಿದಳು. “ಅಂದರೆ ದೋಷ ಅವರದಾ?”

“ದೋಷ ಅನ್ನಬೇಡ. ಕೆಲವರಲ್ಲಿ ತೊಡಕು ಹೆಣ್ಣಿನ ಕಡೆ, ಕೆಲವರಲ್ಲಿ ಗಂಡಿನ ಕಡೆ, ಕೆಲವರಲ್ಲಿ ಇಬ್ಬರ ಕಡೆ. ಇನ್ನು ಕೆಲವರದು ನನ್ನಂಥ ಮುದುಕಿಗೂ ತಿಳಿಯದು. ಕಾಲಿಗೆ ಮುಳ್ಳು ಚುಚ್ಚಿದರೆ ಪಾಪವೇ? ಇಬ್ಬರ ಕಾಲನ್ನೂ ನೋಡಬೇಕು, ಅಷ್ಟೆ. ಕೊಳ ಬಿಡಿಸು. ಹೊಸ ಬೀಜ ಬಲಿಯಲು ಮೂರು ಹುಣ್ಣಿಮೆಯಾದರೂ ಬೇಕು. ಒಂದು ಮುಟ್ಟಿಗೂ ಇನ್ನೊಂದು ಮುಟ್ಟಿಗೂ ನಡುವೆ ನೆಲ ಹದವಾಗುವ ಕೆಲವು ದಿನಗಳಿವೆ. ಆಗ ಒಟ್ಟಿಗಿರಿ. ಇನ್ನು ಆ ವಕ್ರನಾಥನ ಗಡ್ಡಕ್ಕೆ ಕತ್ತರಿ ತಾಗದು. ಅದು ಬೆಳೆದದ್ದು ನಿನ್ನ ಮೇಲಿನ ದೂರಿನಿಂದ. ತುಂಬಿದ ಸಭೆಯಲ್ಲಿ ನಿನ್ನ ಗಂಡ ಬಾಯಿ ಬಿಟ್ಟರೆ ಉದುರುತ್ತದೆ.”

ಜಕ್ಕಲೆ ಪಾಚಿಯನ್ನು ಸೆರಗಿಗೆ ಕಟ್ಟಿಕೊಂಡು ನೇರ ಬಿಸಿನೀರ ಕೊಳಕ್ಕೆ ನಡೆದಳು. ಕುತ್ತಿಗೆಯವರೆಗೆ ನೀರಲ್ಲಿದ್ದ ಬೊಪ್ಪದೇವ ಕೆಂಪು ಮೂಲಂಗಿಯಂತಾಗಿದ್ದ. ಎಲ್ಲ ಕೇಳಿ ಮುಖ ಇಳಿಬಿಟ್ಟ.

“ಸಭೆಯಲ್ಲೇ? ಎಲ್ಲರೂ ನಗ್ತಾರೆ, ಜಕ್ಕಲೆ. ಬೇರೆ ಏನಾದರೂ ಹೇಳು. ಹುಲಿ ಹಿಡಿದು ತರಲೇ?”

“ಹುಲಿ ಯಾರಿಗೆ ಬೇಕು? ಬೆಂಕಿಗೆ ಕೈಯಿಟ್ಟೆ. ಕಲ್ಲನ್ನು ಅಳಿಸಿದೆ. ಪಾತಾಳಕ್ಕೆ ಮುಳುಗಿದೆ. ಬಂಜೆ, ಬಂಜೆ ಅಂತ ಇಷ್ಟು ವರ್ಷ ಅನ್ನಿಸಿಕೊಂಡೆ. ನಿಮಗೆ ಒಂದು ಮಾತು ಆಡೋಕಾಗಲ್ಲವಾ? ಆಗದಿದ್ದರೆ ಈಗಲೇ ಹೇಳಿಬಿಡಿ. ನಾನೇ ತವರಿಗೆ ಹೋಗ್ತೀನಿ, ಅವನು ಕಳಿಸೋದು ಬೇಡ.”

ದೊರೆ ನೀರಿನಿಂದ ಎದ್ದು ಬಂದ.

ಮರುದಿನ ಸಭೆಯಲ್ಲಿ ವಕ್ರನಾಥನ ಗಡ್ಡ ಕಂಬಗಳನ್ನೆಲ್ಲ ಸುತ್ತಿಕೊಂಡಿತ್ತು. “ಪಾಚಿಗೂ ಫಲವಿಲ್ಲ. ಮೂರೂ ಪರೀಕ್ಷೆ ಮುಗಿಯಿತು. ರಾಣಿ ಬಂಜೆ!” ಎಂದು ಅವನು ಕೂಗಿದ್ದೇ ತಡ, ಗಡ್ಡದ ತುದಿ ಹಾವಿನಂತೆ ಹರಿದು ಬಂದು ಜಕ್ಕಲೆಯ ಕಾಲಿಗೆ ಸುತ್ತಿ ಬಾಗಿಲ ಕಡೆ ಎಳೆಯತೊಡಗಿತು.

ಬೊಪ್ಪದೇವ ಎದ್ದು ನಿಂತ.

“ನಿಲ್ಲಿಸಿ. ಇಷ್ಟು ವರ್ಷ ಎಲ್ಲರೂ ರಾಣಿಯನ್ನೇ ಕೇಳಿದಿರಿ. ನನ್ನನ್ನು ಯಾರೂ ಕೇಳಲಿಲ್ಲ. ನನ್ನನ್ನು ನಾನೂ ಕೇಳಿಕೊಳ್ಳಲಿಲ್ಲ. ತೊಡಕು ಇರುವುದು ನನ್ನಲ್ಲಿ.”

ಸಭೆಯಲ್ಲಿ ಯಾರೂ ನಗಲಿಲ್ಲ. ಹಿಂದಿನಿಂದ ಸೇನಾಪತಿ ಮೆಲ್ಲಗೆ ಕೆಮ್ಮಿ, “ಪ್ರಭು, ಆ ಕೊಳಕ್ಕೆ ನಾನೂ ಹೋಗ್ತಿದ್ದೆ... ಬಿಡಬೇಕೇನು?” ಎಂದ. ಅಷ್ಟರಲ್ಲಿ ಗಡ್ಡ ಒಣಹುಲ್ಲಿನಂತೆ ಜರ್ರನೆ ಉದುರಿತು. ಒಳಗಿನಿಂದ ನಿಂಬೆಹಣ್ಣಿನಷ್ಟು ಗಲ್ಲದ ನರಪೇತಲನೊಬ್ಬ ಹೊರಬಿದ್ದು, ಎರಡೂ ಕೈಯಲ್ಲಿ ಗಲ್ಲ ಮುಚ್ಚಿಕೊಂಡು ಗಡಿಯಾಚೆ ಓಡಿದ. ಅವನ ಜೊತೆಗೇ ಆ ಸಿಂಹಾಸನದ ಕಟ್ಟಳೆಯೂ ಹೋಯಿತು.

ಆಮೇಲೆ ತಕ್ಷಣ ಮಗುವಾಯಿತು ಎಂದುಕೊಂಡಿರಾ? ಎಲ್ಲಿಂದ! ಮೂರು ಹುಣ್ಣಿಮೆ ಕಳೆದವು, ನಾಲ್ಕನೆಯದೂ ಕಳೆಯಿತು. ಜಕ್ಕಲೆ ನೆಲದ ಮೇಲೆ ಕೂತು ಅತ್ತಳು. ಈ ಸಲ ಪಕ್ಕದಲ್ಲಿ ದೊರೆಯೂ ಕೂತು ಅತ್ತ. ಒಬ್ಬಳೇ ಹೊರುತ್ತಿದ್ದ ಹೊರೆಗೆ ಇನ್ನೊಂದು ಹೆಗಲು ಸಿಕ್ಕಂತಾಯಿತು. ಅತ್ತು ಮುಗಿದ ಮೇಲೆ ಇಬ್ಬರಿಗೂ ಹಸಿವಾಗಿ, ಅಡುಗೆಮನೆಗೆ ಹೋಗಿ ಮೊಸರನ್ನ ಕಲಸಿಕೊಂಡು ತಿಂದರು.

ಮಾವು ಹೂ ಬಿಡುವ ಹೊತ್ತಿಗೆ ರಾಣಿಗೆ ವಾಕರಿಕೆ ಶುರುವಾಯಿತು. ಹಿಂಗಾರಿನ ಮಳೆಗೆ ಹೆಣ್ಣುಕೂಸು ಹುಟ್ಟಿತು. ಅದರ ಅಳು ಕೇಳಿದ್ದೇ ಊರಿಗೆ ಊರೇ ಬಾಣಂತಿಕೋಣೆಯ ಮುಂದೆ ನೆರೆಯಿತು: ಬಜೆ ತೇಯಿರಿ, ಸಾಂಬ್ರಾಣಿ ಹಾಕಿರಿ, ತಲೆ ಹೀಗೆ ತಿರುಗಿಸಿರಿ! ಬೊಪ್ಪದೇವ ಬಾಗಿಲಿಗೆ ಅಡ್ಡ ನಿಂತ.

“ರಾಣಿ ಮಲಗಿದ್ದಾಳೆ. ಹೇಳುವುದೇನಿದ್ದರೂ ನನಗೆ ಹೇಳಿ.”

ಅವರು ಹೇಳಿದರು. ಅವನು ಕೇಳುತ್ತ ನಿಂತ. ಒಳಗೆ ಜಕ್ಕಲೆ ಬಿಸಿಲೇರುವವರೆಗೂ ನಿದ್ದೆ ಮಾಡಿದಳು. ಅವರ ತೊಟ್ಟಿಲು ತೂಗುತ್ತಿರಲಿ, ಕತೆ ಕೇಳಿದವರ ಮನೆಯೂ ತಣ್ಣಗಿರಲಿ.