ಬೂಷ್ಟಿನ ಕೋಣೆಯ ಅಂಟು

ಸೋಯಾ ಹಾಲಿನ ಪನೀರು ತೋಫು ಮಾರುವ ಕಿಸುಕೆ ಅವತ್ತು ಬೆಳಿಗ್ಗೆ ತುತ್ತೂರಿ ಊದುತ್ತ ಓಗಿನೊ ಮನೆಯ ತಿರುವಿಗೆ ಬಂದಾಗ ಒಳಗಿನಿಂದ ಎದ್ದ ಕೂಗು ಅವನ ತುತ್ತೂರಿಯನ್ನೇ ನಾಚಿಸಿತು.

"ಹೋಯ್ತು! ಮೊನ್ನೆಯದೂ ಹೋಯ್ತು, ಇವತ್ತಿಂದೂ ಹೋಯ್ತು!"

ಕೂಗಿದವರು ಯಜಮಾನ ತೊಕುಜಿರೊ, ವಯಸ್ಸು ಎಪ್ಪತ್ತಾರು. ಇಡೀ ಶಿನ್‌ಶೂ ಸೀಮೆಯಲ್ಲಿ ಅವರ ಮನೆಯ ಮಿಸೊ ಎಂದರೆ ಜನ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿಯುತ್ತಿದ್ದರು. ಪೀಪಾಯಿಯಲ್ಲಿ ವರ್ಷಗಟ್ಟಲೆ ಹುದುಗಿಸಿ ಸಾರಿಗೆ ಕದಡುವ ಮುದ್ದೆ ಮಿಸೊ; ಅದಕ್ಕೆ ಸೋಯಾ ಕಾಳು ಮೈಯಾದರೆ ಕೋಜಿ ಜೀವ. ಆವಿಯಲ್ಲಿ ಬೆಂದ ಅಕ್ಕಿಯನ್ನು ಬೆಚ್ಚನೆಯ ಕೋಣೆಯಲ್ಲಿ ಮರದ ತಟ್ಟೆಗಳ ಮೇಲೆ ಹರಡಿ, ಬಿಳಿ ಬೂಷ್ಟು ಹಿಡಿಸಿದರೆ ಅದೇ ಕೋಜಿ. ಹೂವಿನಂತೆ ಅರಳಬೇಕಿದ್ದ ಆ ಅಕ್ಕಿ ಈಗ ಲೋಳೆಯಾಗಿತ್ತು. ಬೆರಳಿಟ್ಟು ಎತ್ತಿದರೆ ನಾರುನಾರಾಗಿ ಬರುತ್ತಿತ್ತು, ನಾರುತ್ತಲೂ ಇತ್ತು.

"ನತ್ತೊ!" ಎಂದ ಯಜಮಾನರ ತಮ್ಮನ ಮಗ ರೊಕುಯಾ, ಹೊಸಿಲಾಚೆ ನಿಂತು. ಅವನದು ಹೊರಗಿನ ಆವಿಯ ಒಲೆಯ ಕೆಲಸ. ಕೋಣೆಯೊಳಗೆ ಕಾಲಿಡುವ ಅಪ್ಪಣೆ ಅವನಿಗಿರಲಿಲ್ಲ. "ಈ ಮನೇಲಿ ಯಾರೋ ನತ್ತೊ ತಿಂದಿದ್ದಾರೆ, ದೊಡ್ಡಪ್ಪ. ಯಾರು ಅಂತ ನಾನು ಹೇಳಲ್ಲ. ಆದ್ರೆ ಅತ್ತಿಗೆ ತವರು ಮಿತೊ."

ನತ್ತು ಮೂಗಿಗೆ ಚೆಂದ, ನತ್ತೊ ಮೂಗಿಗೆ ದಂಡ. ಬೆಂದ ಸೋಯಾ ಕಾಳನ್ನು ಹುಲ್ಲಿನಲ್ಲಿ ಕಟ್ಟಿ ಹುದುಗಿಸಿದ ಈ ಅಂಟು ತಿನಿಸು ಮಿತೊ ಊರಿನವರಿಗೆ ಪ್ರಾಣ. ಆದರೆ ಅದರ ಅಣುಜೀವಿ ಕೋಜಿಯ ಕೋಣೆ ಹೊಕ್ಕರೆ ಬೂಷ್ಟಿನ ಕತೆ ಮುಗಿದಂತೆ. ಅದಕ್ಕೇ ಮಿಸೊ ಮನೆಗಳಲ್ಲಿ ಚಳಿಗಾಲವಿಡೀ ನತ್ತೊ ಮುಟ್ಟುವಂತಿಲ್ಲ.

ಸೊಸೆ ನಾಗಿಸಾ ತಟ್ಟೆಗಳ ನಡುವೆ ನೆಟ್ಟಗೆ ನಿಂತಿದ್ದಳು. ಗಂಡ ಮಿಸೊ ಮಾರಲು ಪರವೂರಿಗೆ ಹೋಗಿ ತಿಂಗಳಾಗಿತ್ತು. ಆ ಮನೆಯಲ್ಲಿ ಕೋಜಿಯ ಕೋಣೆಗೆ ಒಡತಿಯಾದ ಮೊದಲ ಹೆಣ್ಣು ಅವಳು. ಮೂರು ಚಳಿಗಾಲದ ಹಿಂದೆ ಅವಳು ಹಾಕಿದ ಮೊದಲ ಪೀಪಾಯಿಯ ಮುಚ್ಚಳ ಈ ವಸಂತದಲ್ಲಿ ತೆಗೆಯುವುದಿತ್ತು.

"ನಾನು ತಿಂದಿಲ್ಲ, ಮಾವ."

"ಸಂಜೆಯೊಳಗೆ ತಿಂದವರು ಯಾರು ಅಂತ ಗೊತ್ತಾಗ್ಬೇಕು," ಎಂದರು ತೊಕುಜಿರೊ, ಅವಳ ಮುಖ ನೋಡದೆ. "ಇಲ್ಲಾಂದ್ರೆ ಈ ಕೋಣೆ ಬೀಗದ ಕೈ ರೊಕುಯಾಗೆ."

ಕಿಸುಕೆ ತೋಫು ಗಾಡಿಯನ್ನು ಅಲ್ಲೇ ಬಿಟ್ಟು ತೊವಾ ಅಕ್ಕನ ಮನೆಗೆ ಓಡಿದ. ಔಷಧದಂಗಡಿ ಮುಚ್ಚಿ ಹತ್ತು ವರ್ಷವಾಗಿದ್ದರೂ ಊರಿನ ಗುಟ್ಟುಗಳಿಗೆ ಮದ್ದು ಕೊಡುವುದನ್ನು ಆಕೆ ಬಿಟ್ಟಿರಲಿಲ್ಲ.

ತೊವಾ ಬಂದವರೇ ಮೊದಲು ಕೇಳಿದ್ದು, "ಎಲ್ಲಾ ತಟ್ಟೇನೂ ಕೆಟ್ಟಿದ್ಯಾ?"

"ಇಲ್ಲ. ಎರಡು ಸಲವೂ ಬಾಗಿಲ ಎಡಗಡೆ ಸಾಲು ಮಾತ್ರ," ಎಂದಳು ನಾಗಿಸಾ.

"ಅಕ್ಕಿ ಉದುರಿಸಿ ಕಲಸೋದು ಯಾರು?"

"ನಾನೇ. ಅಷ್ಟೂ ತಟ್ಟೆ, ಬರಿಗೈಲಿ. ಮೊದಲು ಬಲಗಡೆ ಸಾಲು, ಆಮೇಲೆ ಎಡಗಡೆ. ಕಲಸಿದ ಮೇಲೆ ಮಾವ ಬಂದು ನೋಡ್ತಾರೆ."

"ತವರಿಂದ ನತ್ತೊ ಬಂತಾ?"

"ಹತ್ತು ದಿನ ಆಯ್ತು. ಹೋದ ವರ್ಷದ ಹಾಗೇ ಬುಟ್ಟಿ ಬಿಚ್ಚದೆ ಹೊರ ಜಗಲೀಲಿಟ್ಟು ಕಿಸುಕೆಗೆ ಕೊಟ್ಟೆ."

"ನಾಲ್ಕು ಕಟ್ಟು ಸಿಕ್ತು. ನಾಲ್ಕೂ ಸ್ವರ್ಗ!" ಎಂದ ಕಿಸುಕೆ.

ನಾಗಿಸಾಳ ಮುಖ ಬಿಳಿಚಿತು. "ಐದು ಅಂತ ಅಮ್ಮ ಬರೆದಿದ್ಳು."

ರೊಕುಯಾ ನಕ್ಕ. "ಇನ್ನೊಂದು ವಿಷಯ ಇದೆ ಕೇಳಿ ಅಕ್ಕ. ದೊಡ್ಡಪ್ಪನ ಎದೆಬಡಿತ ಹದ ತಪ್ಪಿದೆ ಅಂತ ಡಾಕ್ಟರು ರಕ್ತ ತೆಳು ಮಾಡೋ ಗುಳಿಗೆ ಕೊಟ್ಟಿದ್ದಾರಲ್ಲ? ಮೊನ್ನೆ ಪರೀಕ್ಷೆ ಮಾಡಿದ್ರೆ ಗುಳಿಗೆ ಕೆಲಸಾನೇ ಮಾಡ್ತಿಲ್ವಂತೆ. ಗುಳಿಗೆ ಕೊಡೋದೂ ಅತ್ತಿಗೇನೇ!"

ತೊವಾ ಗುಳಿಗೆಯ ಡಬ್ಬಿ ತರಿಸಿ ನೋಡಿದರು. ಒಂದು ಹೊತ್ತೂ ತಪ್ಪಿರಲಿಲ್ಲ. ಯಜಮಾನರ ಗಲ್ಲದ ಮೇಲೆ ಕ್ಷೌರದ ಗಾಯವೊಂದು ಕಪ್ಪಗೆ ಒಣಗಿ ಕೂತಿತ್ತು. ತೀರಿಹೋದ ಹಿರಿಯರನ್ನು ಪೂಜಿಸುವ ಪೀಠದ ಕೋಣೆಗೆ ಇಣುಕಿದರೆ ಊದುಬತ್ತಿಯ ಹೊಗೆ ಕಣ್ಣಿಗೆ ಕತ್ತಲೆ ಕವಿಸುವಷ್ಟು. "ಹಿರಿಯರ ಮೇಲೆ ಭಕ್ತಿ ಜಾಸ್ತಿಯಾಗಿದೆ," ಎಂದು ಗೊಣಗಿ ಹೊರಬಂದರು.

"ಕಿಸುಕೆ, ಯಜಮಾನರು ಕೋಜಿ ನೋಡೋದು ಹೇಗೆ, ಮಾಡಿ ತೋರಿಸು."

ಅಣಕಿಸು ಎಂದರೆ ಕಿಸುಕೆಗೆ ಊಟ ಬೇಡ. ಎದೆ ಉಬ್ಬಿಸಿ, ಗದ್ದ ಎತ್ತಿ, ಕೈ ಬೆನ್ನಿಗೆ ಕಟ್ಟಿ ಬಾಗಿಲಿಗೆ ಬಂದ. ಎಡಗಡೆ ತಿರುಗಿದ. ಇಲ್ಲದ ತಟ್ಟೆಯಿಂದ ಚಿಟಿಕೆ ಎತ್ತಿ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, "ಹ್ಞೂಂ... ಇನ್ನೂ ಮಗು," ಎಂದ. ಪಕ್ಕದ ತಟ್ಟೆಯಿಂದ ಇನ್ನೊಂದು ಚಿಟಿಕೆ, ಹಾಗೇ ಆ ಸಾಲಿನುದ್ದಕ್ಕೂ; ಬಲಗಡೆ ತಿರುಗಲೇ ಇಲ್ಲ. ನಾಗಿಸಾ ಕೂಡ ತುಟಿ ಕಚ್ಚಿ ನಗು ತಡೆದಳು.

ತೊವಾ ನಗಲಿಲ್ಲ. "ಸಂಜೆ ಎಲ್ಲರೂ ಒಲೆ ಸುತ್ತ ಸೇರಿ," ಎಂದರು.

ಸಂಜೆ ಸೇರಿದಾಗ ರೊಕುಯಾನ ಕಣ್ಣು ಯಜಮಾನರ ಮುಂದಿದ್ದ ಬೀಗದ ಕೈಯ ಮೇಲಿತ್ತು.

"ಕೋಣೆಯೊಳಗೆ ಹೋಗೋ ಕೈ ಎರಡೇ ಜೊತೆ," ತೊವಾ ಶುರುಮಾಡಿದರು. "ರೊಕುಯಾ, ಹೊಸಿಲು ದಾಟದ ನೀನು ಪಾರು. ಅಂಟು ನಾಗಿಸಾ ಕೈಯದಾಗಿದ್ರೆ ಮೊದಲು ಕಲಸಿದ ಬಲಗಡೆ ಸಾಲು ಉಳೀತಿರಲಿಲ್ಲ. ಕೆಟ್ಟಿದ್ದು ಎಡಗಡೆ ಮಾತ್ರ. ಎಡಗಡೇಲಿ ಮಾತ್ರ ಬೆರಳಿಡೋರು ಯಾರು ಅಂತ ಕಿಸುಕೆ ಬೆಳಿಗ್ಗೆನೇ ತೋರಿಸಿದ್ನಲ್ಲ."

ಎಲ್ಲರ ಕಣ್ಣೂ ಯಜಮಾನರತ್ತ ತಿರುಗಿತು.

"ಇನ್ನು ಗುಳಿಗೆ. ಒಂದೂ ತಪ್ಪಿಲ್ಲ, ಆದ್ರೂ ಕೆಲಸ ಮಾಡ್ತಿಲ್ಲ. ರಕ್ತ ಹೆಪ್ಪುಗಟ್ಟೋಕೆ ಬೇಕಾದ ಒಂದು ಜೀವಸತ್ವ ನತ್ತೊದಲ್ಲಿ ರಾಶಿ ರಾಶಿ ಇದೆ. ತಿಂದ ಮೇಲೂ ಆ ಅಣುಜೀವಿ ಹೊಟ್ಟೇಲಿ ಕೂತು ಅದನ್ನೇ ಮಾಡ್ತಿರುತ್ತೆ. ಆ ಗುಳಿಗೆ ಎಳೆದ ಕಡೆಗೆ ಉಲ್ಟಾ ಎಳೆಯುತ್ತೆ ನತ್ತೊ. ಹೋದ ತಿಂಗಳು ಕ್ಷೌರದ ಗಾಯಕ್ಕೆ ಟವೆಲು ಕೆಂಪಾಗ್ತಿತ್ತು ಅಂತ ನೀವೇ ಗೋಳಾಡಿದ್ರಿ, ಯಜಮಾನರೇ. ಇವತ್ತು ಗಲ್ಲದ ಗಾಯ ಚಕ್ಕಂತ ಒಣಗಿದೆ. ಕಾಣೆಯಾದ ಐದನೇ ಕಟ್ಟು ಹಿರಿಯರ ಪೀಠದಲ್ಲಿದೆ, ಅದರ ವಾಸನೆ ಮುಚ್ಚೋಕೆ ಅಷ್ಟು ಹೊಗೆ. ಹುದುಗಿಸಿದ್ದನ್ನ ಹುದುಗಿಸಿಡೋಕಾಗಲ್ಲ."

ತೊಕುಜಿರೊ ಒಲೆಯ ಕೆಂಡ ಕೆದಕಿದರು. "ದಿನಾ ಒಂದು ಚಮಚ," ಎಂದರು. "ನತ್ತೊ ರಕ್ತದ ಗಂಟು ಕರಗಿಸುತ್ತೆ ಅಂತ ಊರ ಮಂದಿ ಸೇರೋ ಸ್ನಾನದ ಮನೇಲಿ ಎಲ್ಲರೂ ಹೇಳಿದ್ರು."

"ಡಾಕ್ಟರು ಬೇಡ ಅಂದಿರಲಿಲ್ವಾ?"

"ಅಂದಿದ್ರು. ಈ ಊರಲ್ಲಿ ಮಿಸೊ ಮನೆಯವರಿಗೆ ನತ್ತೊ ಬೇಡ ಅಂತ ಯಾರು ಹೇಳಲ್ಲ? ಅಂಚೆಯವನೂ ಹೇಳ್ತಾನೆ! ಡಾಕ್ಟರೂ ಕೋಜಿಗೋಸ್ಕರ ಹೇಳಿದ್ರು ಅಂದ್ಕೊಂಡೆ. ಕುದಿಯೋ ನೀರಲ್ಲಿ ಚಮಚ ತೊಳೆದೆ, ಬಿಸಿ ನೀರಲ್ಲಿ ಕೈ ಉಜ್ಜಿದೆ, ಸಾಕು ಅಂದ್ಕೊಂಡೆ."

"ಕುದಿಯೋ ನೀರಿಗೂ ಜಗ್ಗಲ್ಲ ಆ ಅಣುಜೀವಿ. ಹಾಗಂತ ಸೋಯಾ ಕಾಳಿನ ಮೇಲೆ ಸಿಟ್ಟು ಬೇಡ. ತೋಫು ತಿನ್ನಿ, ಮಿಸೊ ಕುಡೀರಿ, ಡಾಕ್ಟರಿಗೆ ಎಲ್ಲಾ ಹೇಳಿ. ನಿಮ್ಮ ಗುಳಿಗೆಗೂ ನತ್ತೊಗೂ ಮಾತ್ರ ಆಗಿಬರಲ್ಲ."

"ಬೆಳಿಗ್ಗೆ ಯಾಕೆ ಬಾಯಿ ಬಿಡ್ಲಿಲ್ಲ, ಮಾವ?" ನಾಗಿಸಾ ಮುಂದೆ ಬಂದು ಕೇಳಿದಳು. "ನನ್ನ ಮೇಲೆ ತಪ್ಪು ಹೊರಿಸಿದಾಗ?"

"ಆರು ದಶಕ ಈ ಬಾಗಿಲಲ್ಲಿ ಎದೆ ಉಬ್ಬಿಸಿ ನಿಂತೋನು. ನನ್ನ ಬೆರಳೇ ಕೆಡಿಸ್ತು ಅನ್ನೋಕೆ ನಾಲಿಗೆ ಏಳಲಿಲ್ಲ." ಮುದುಕರ ದನಿ ಇಳಿಯಿತು. "ವಸಂತಕ್ಕೆ ನಿನ್ನ ಪೀಪಾಯಿ ತೆಗೀತಾರೆ. ಅದರ ರುಚಿ ನೋಡೋವರೆಗಾದ್ರೂ ಬದುಕಿರ್ಬೇಕು ಅನ್ನಿಸ್ತು ನಂಗೆ. ಅದಕ್ಕೇ ತಿಂದೆ."

ಕಿಸುಕೆಗೆ ಜನ್ಮದಲ್ಲಿ ಮೊದಲ ಸಲ ಯಾರನ್ನೂ ಅಣಕಿಸಬೇಕೆನ್ನಿಸಲಿಲ್ಲ.

ತೊಕುಜಿರೊ ಬೀಗದ ಕೈಯನ್ನು ಎರಡು ಕೈಯಲ್ಲಿ ಹಿಡಿದು ಸೊಸೆಯ ಮುಂದೆ ತಲೆ ಬಾಗಿಸಿದರು. ಅವಳು ತೆಗೆದುಕೊಂಡಳು. ಕಣ್ಣೊರೆಸಿಕೊಂಡು ಗದ್ದ ಎತ್ತಿದಳು. ಥೇಟ್ ಮಾವನ ಹಾಗೇ.

"ಮೂರು ಚಳಿಗಾಲ ತವರಿನ ರುಚಿ ನಾಲಿಗೆಗೆ ಸೋಕಿಸಿಲ್ಲ ನಾನು. ನಾಳೆ ಕೋಣೆಯಿಡೀ ತೊಳೆಸ್ತೀನಿ, ತಟ್ಟೆಗಳನ್ನ ಸುಡಿಸ್ತೀನಿ. ಈ ಚಳಿಗಾಲ ಮುಗಿಯೋವರೆಗೂ ಮಾವ ಹೊಸಿಲು ದಾಟಕೂಡದು."

ಓಗಿನೊ ಮನೆಯ ಯಜಮಾನರಿಗೆ ಆ ಬಾಗಿಲಲ್ಲಿ ಯಾರೂ ಯಾವತ್ತೂ 'ಕೂಡದು' ಎಂದಿರಲಿಲ್ಲ. ಮುದುಕರ ಬೆನ್ನು ನಿಧಾನಕ್ಕೆ ನೆಟ್ಟಗಾಯಿತು, ಎದೆ ಉಬ್ಬಿತು.

"ಕೇಳಿಸ್ತೇನೋ ರೊಕುಯಾ?" ಎಂದರು, ಬೀದಿಗೆಲ್ಲ ಕೇಳುವಂತೆ. "ಅಪ್ಪಣೆ ಅಂದ್ರೆ ಹೀಗಿರ್ಬೇಕು. ನನ್ನ ಸೊಸೆ ಕಣೋ ಅವಳು!"