ಸೆರಗು ನುಂಗಿದ ಕ್ಯಾಮರಾ

"ಥೂ! ಇದು ಸೀರಿ ಫೋಟೊನೋ, ಬಸ್‌ಸ್ಟ್ಯಾಂಡ್ ಗ್ವಾಡಿ ಮ್ಯಾಲೆ ಎಲಿ-ಅಡಿಕಿ ಉಗುಳಿದ್ದೋ?"

ಚೇತನಾ ಆ ಪ್ರಿಂಟನ್ನು ಸತ್ತ ಇಲಿಯಂತೆ ಎರಡೇ ಬೆರಳಲ್ಲಿ ಎತ್ತಿ ಹಿಡಿದಳು. ಇಳಕಲ್ಲಿನ ನೇಕಾರರ ಓಣಿಯ ಆ ಮನೆಯ ಹೊಸ್ತಿಲಲ್ಲೇ ಪ್ರವೀಣಕುಮಾರ ನಿಂತುಬಿಟ್ಟ. ಬಾಗಲಕೋಟೆಯ ವಿದ್ಯಾಗಿರಿ ಬಡಾವಣೆಯ ಫೋಟೊ ಸ್ಟುಡಿಯೋದವನು. ಹೆಗಲಲ್ಲಿ ಹೊಸ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮರಾ!

ಮೊನ್ನೆ ಅವಳು, ತಾನೇ ನೇಯ್ದ ಮೊದಲ ಸೀರೆಯುಟ್ಟು, ಸೆರಗನ್ನು ತಲೆಗೆ ಹೊದ್ದು ಮಾಳಿಗೆ ಮೇಲಿನ ಬಿಸಿಲಲ್ಲಿ ಇವನ ಕ್ಯಾಮರಾ ಮುಂದೆ ನಿಂತಿದ್ದಳು. ಫೋಟೊ ನೋಡಿ ಮೆಚ್ಚಿದರೆ ಮಾತ್ರ ಬಾಗಲಕೋಟೆಯ ದೇವಪ್ಪ ಸಾಹುಕಾರರು ಅವಳ ಮಗ್ಗಕ್ಕೆ ಕೆಲಸ ಕೊಡುವವರು. ನಾಳೆಯೇ ಕಳಿಸಬೇಕು. ಆದರೆ ಈ ಫೋಟೊದಲ್ಲಿ ಕೆಂಪು ಸೆರಗಿನ ಮೇಲೆ ನೇಯ್ದ ಬಿಳಿ ತೆನೆಗಳ ಚಿತ್ತಾರವೇ ಇಲ್ಲ... ಬರೀ ಕೆಂಪು ರಾಡಿ!

'ಇಂಥದ್ದನ್ನ ಕೈಯಾಗ ಹಿಡಿದು ತರಾಕ ಇವಗ ಹೇಸಿಕಿ ಬರ್ಲಿಲ್ಲೇನು?' ಎಂದುಕೊಂಡಳು.

"ಕ್ಯಾಮರಾ ಚಲೋ ಐತ್ರಿ," ಎಂದ ಅವನು. "ಹಗರ ಐತಿ, ಒತ್ತಿದ ಕೂಡ್ಲೆ ಹೊಡಿತೈತಿ, ಮಬ್ಬಿನ್ಯಾಗೂ ತಗೀತೈತಿ. ಆದ್ರ ಬಿಸಿಲು-ನೆರಳು ಎರಡೂ ಒಮ್ಮೆಲೆ ತಡಿಯೂದಿಲ್ರಿ. ಒಂದಕ್ಕ ಹೊಂದಿಸಿದ್ರ ಇನ್ನೊಂದು ಕೆಡತೈತಿ."

"ಕುಣಿಯಾಕ ಬರದಾಕಿ ನೆಲಾ ಡೊಂಕು ಅಂದ್ಲಂತ!"

ಬೈದಳೇನೋ ನಿಜ. ಆದರೆ ಅವನ ಮಾತು ಮನಸ್ಸಿಗೆ ನಾಟಿತ್ತು. 'ಒಂದಕ್ಕ ಹೊಂದಿಸಿದ್ರ... ಇವ ಯಾವುದಕ್ಕ ಹೊಂದಿಸಿದ್ದ?'

ಮೂಗು ಮುರಿಯುತ್ತಲೇ ಪ್ರಿಂಟನ್ನು ಹತ್ತಿರ ತಂದಳು. ಸೆರಗಿನ ನೆರಳಿನೊಳಗೆ ಅವಳ ಮುಖ... ರೆಪ್ಪೆ ರೆಪ್ಪೆಯೂ ಸ್ವಚ್ಛ!

"ನಾ ಹೇಳಿದ್ದು ಸೀರಿ ತಗೀರಿ ಅಂತ!"

"ತಪ್ಪಾತ್ರಿ..." ಅವನು ನೆಲ ನೋಡಿದ. "ಸೆರಗ ನೋಡಾಕ ಕಣ್ಣ ಹಚ್ಚಿದ್ದೆ. ನೀವು ಕಂಡ್ರಿ. ಆಮ್ಯಾಲ ಸೀರಿ ನೆನಪಾಗ್ಲಿಲ್ಲ."

ಅವಳ ಕಿವಿ ಬಿಸಿಯಾದವು. ಹಾಗಂತ ಹೇಸಿಗೆ ಹೋಯಿತು ಎನ್ನಬೇಡಿ. ಆ ಫೋಟೊ ಈಗಲೂ ಹೇಸಿಗೆಯೇ! ಆದರೆ ಅದನ್ನು ಹರಿಯಲು ಎತ್ತಿದ ಕೈ ಯಾಕೋ ಅಲ್ಲೇ ನಿಂತಿತು.

"ಒಳಗ ಬರ್ರಿ," ಎಂದಳು.

ಮಗ್ಗದ ಕೋಣೆಯ ಕಿಟಕಿಯ ಬಳಿ, ಮೆತ್ತನೆ ಬೆಳಕಿನಲ್ಲಿ ಅವಳು ಮತ್ತೆ ಸೆರಗು ಹೊದ್ದು ನಿಂತಳು. ಅವನು ಈ ಸಲ ಸೆರಗಿಗೇ ಬೆಳಕು ಹೊಂದಿಸಿ ಒತ್ತಿದ. ಕ್ಯಾಮರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಬಿಳಿ ತೆನೆಗಳು ಸಾಲಾಗಿ ನಿಂತಿದ್ದವು. ಚೇತನಾಳ ಕಣ್ಣು ತುಂಬಿದವು.

"ತೆನಿ ಬಂದಾವ್ರಿ. ಆದ್ರ ನಿಮ್ಮ ಮುಖ ಕತ್ತಲಾಗೇತಿ..."

"ಆಗ್ಲಿ. ಸಾಹುಕಾರ್ರಿಗೆ ನನ್ನ ಮುಖ ಯಾಕ?" ಅವಳು ಸೆರಗಿನ ಅಂಚು ಕಚ್ಚಿದಳು. "ಮುಖ ನೋಡಾವ್ರು... ದಿನಾ ಬಂದು ನೋಡ್ಲಿ."

"ದಿನಾ ಬರ್ಲೇನ್ರಿ?!"

"ಬರ್ರಿ. ಆದ್ರ ಆ ಕ್ಯಾಮರಾ ಮನ್ಯಾಗ ಇಟ್ಟ ಬರ್ರಿ!"